ದೂರದ ದುರಂತದ ಸುದ್ದಿಯನ್ನು ಓದುವ ಬಗೆ

2010ರ ಮೇ 22ರಂದು ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಲ್ಲಿ ದುಬೈಯಿಂದ ಬಂದ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಮಂದಿ ತೀರಿಕೊಂಡರು. ಅಂದಿನಿಂದ ಕೊಲ್ಲಿ ರಾಷ್ಟ್ರಗಳ ಯಾವ ಅಪಘಾತವೂ ಮಂಗಳೂರಿನ ಮನೆಗಳಿಗೆ ದೂರದ್ದೆನಿಸುವುದಿಲ್ಲ. ಆದ್ದರಿಂದ ಸುದ್ದಿ ಓದುವಾಗ, ಈ ನೋವು ನನ್ನನ್ನು ತಟ್ಟಿದ್ದು ಅದರ ಗಾತ್ರದಿಂದಲೋ, ಅಲ್ಲಿ ನನ್ನವರಿರಬಹುದೆಂಬ ಭಯದಿಂದಲೋ ಎಂದು ಮೊದಲು ಕೇಳಿಕೊಳ್ಳಿ.

ಬಳಿಕ ಅದೇ ದಿನಗಳ ಇನ್ನೊಂದು ದುರಂತವನ್ನು ಹುಡುಕಿ, ಎರಡನ್ನೂ ಜೊತೆಗಿಟ್ಟು ಓದಿ. 2023ರ ಜೂನ್‌ನಲ್ಲಿ ಟೈಟಾನಿಕ್ ಅವಶೇಷ ನೋಡಲು ಹೊರಟ ಟೈಟನ್ ಜಲಾಂತರ್ಗಾಮಿಯ ಐವರಿಗಾಗಿ ಜಗತ್ತು ದಿನಗಟ್ಟಲೆ ಉಸಿರು ಬಿಗಿಹಿಡಿದು ಕಾಯಿತು. ಅದಕ್ಕೆ ನಾಲ್ಕು ದಿನ ಮೊದಲು ಗ್ರೀಸ್ ಬಳಿ ವಲಸಿಗರ ದೋಣಿ ಮುಳುಗಿ ನೂರಾರು ಜನ ಸತ್ತದ್ದು ಅಷ್ಟು ಚರ್ಚೆಯಾಗಲಿಲ್ಲ. ಐವರಿಗೆ ಹೆಸರು, ಮುಖ, ಮುಗಿಯುತ್ತಿರುವ ಆಮ್ಲಜನಕದ ಗಡುವು ಇದ್ದವು. ದೋಣಿಯವರು ಬರಿಯ ಸಂಖ್ಯೆಯಾದರು. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟು ಕಾಣೆಯಾದ ‘ಸುವರ್ಣ ತ್ರಿಭುಜ’ ದೋಣಿಯ ಏಳು ಮೀನುಗಾರರಿಗಾಗಿ ತಿಂಗಳುಗಟ್ಟಲೆ ಕಾದ ನಾವು ಈ ವ್ಯತ್ಯಾಸವನ್ನು ಸಹಜವೆಂದು ಒಪ್ಪಬಾರದು ಎಂಬುದು ನನ್ನ ದೃಢ ನಂಬಿಕೆ.

ಸಂಖ್ಯೆ ಮಾತ್ರ ಕಂಡಲ್ಲಿ ಒಬ್ಬರ ವೃತ್ತಾಂತವನ್ನಾದರೂ ಹುಡುಕಿ ಪೂರ್ತಿ ಓದಿ; ಅವರು ಯಾವ ಊರಿನಿಂದ, ಯಾವ ದುಡಿಮೆಗಾಗಿ ಹೊರಟಿದ್ದರೆಂದು ಮನೆಯವರಿಗೂ ಹೇಳಿ. ಕ್ಯಾಮೆರಾಗಳು ಮರಳಿ ಹೋದ ತಿಂಗಳ ನಂತರ ಆ ಊರಿನ ಸುದ್ದಿಯನ್ನು ಮತ್ತೊಮ್ಮೆ ಹುಡುಕಿ.