ಕೆರೆ ನಕ್ಷೆಗಾಗಿ ಕ್ಯೂಜಿಐಎಸ್ ಕಲಿತ ಬಗೆ

ಚಿಕ್ಕಮಗಳೂರಿನಲ್ಲಿ ಕೆರೆಗಳ ಕೆಲಸ ಮಾಡುವ ಒಂದು ಸಣ್ಣ ಸಂಸ್ಥೆಯಲ್ಲಿದ್ದೇನೆ. ಓದಿದ್ದು ಬಿ.ಕಾಂ. ಕಡೂರು ತಾಲ್ಲೂಕಿನ ಕೆರೆಗಳನ್ನೂ ಸುತ್ತಲಿನ ಬೋರ್‌ವೆಲ್‌ಗಳನ್ನೂ ನಕ್ಷೆ ಮೇಲೆ ತರುವ ಕೆಲಸ ನನ್ನ ಪಾಲಿಗೆ ಬಂತು. ನಕ್ಷೆ ಮಾಡುವ ಸಾಫ್ಟ್‌ವೇರ್‌ಗೆ ದುಡ್ಡು ಕೊಟ್ಟು ಲೈಸೆನ್ಸ್ ತಗೊಳ್ಳುವಷ್ಟು ಅನುಕೂಲ ನಮಗಿಲ್ಲ. ಪುಕ್ಕಟೆ ಸಿಗುವ ಕ್ಯೂಜಿಐಎಸ್ ಅನ್ನೇ ಹಾಕಿಕೊಂಡೆ. ಕಲಿಯೋದು ಎಲ್ಲಿಂದ ಅನ್ನೋದೇ ದೊಡ್ಡ ಪ್ರಶ್ನೆ ಆಯ್ತು.

ಯೂಟ್ಯೂಬ್‌ನಲ್ಲಿ ವಿಡಿಯೋಗಳಿಗೆ ಬರವಿಲ್ಲ. ಆದರೆ ಒಂದೊಂದೂ ಒಂದೊಂದು ವರ್ಷನ್‌ನದು. 2018ರಲ್ಲಿ ಮೂರನೇ ಆವೃತ್ತಿ ಬಂದ ಮೇಲೆ ತುಂಬಾ ಬದಲಾಗಿದೆ. ಅದಕ್ಕಿಂತ ಹಳೆಯ ವಿಡಿಯೋ ಇಟ್ಟುಕೊಂಡರೆ ಅವರು ಒತ್ತಿದ ಬಟನ್ ನಮ್ಮ ಪರದೆ ಮೇಲೆ ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ.

ಕೊನೆಗೆ ಕೈಹಿಡಿದದ್ದು ಕ್ಯೂಜಿಐಎಸ್‌ನವರೇ ಪುಕ್ಕಟೆಯಾಗಿ ಇಟ್ಟಿರುವ ಎರಡು ಪಠ್ಯಗಳು. ಮೊದಲನೆಯದು 'ಜೆಂಟಲ್ ಇಂಟ್ರೊಡಕ್ಷನ್ ಟು ಜಿಐಎಸ್'. ಜಿಐಎಸ್ ಅಂದರೆ ಜಾಗದ ಮಾಹಿತಿಯನ್ನು ಕಂಪ್ಯೂಟರ್‌ನಲ್ಲಿ ನಕ್ಷೆಗೆ ಜೋಡಿಸುವ ವ್ಯವಸ್ಥೆ. ಬಿಂದು, ಗೆರೆ, ಪಾಲಿಗನ್ ಅಂದರೇನು, ಪ್ರೊಜೆಕ್ಷನ್ (ದುಂಡಗಿನ ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸುವ ಲೆಕ್ಕ) ಯಾಕೆ ಬೇಕು ಅನ್ನೋದನ್ನು ಹೈಸ್ಕೂಲ್ ಮಕ್ಕಳಿಗೂ ತಿಳಿಯುವಂಥ ಇಂಗ್ಲಿಷಿನಲ್ಲಿ ಹೇಳಿದ್ದಾರೆ. ಇದನ್ನು ಓದದೆ ಸಾಫ್ಟ್‌ವೇರ್ ತೆರೆಯಬೇಡಿ ಅಂತಲೇ ನಾನು ಹೇಳೋದು.

ಎರಡನೆಯದು 'ಟ್ರೇನಿಂಗ್ ಮ್ಯಾನ್ಯುಯಲ್'. ಅದರ ಅಭ್ಯಾಸಗಳೆಲ್ಲ ಹೆಚ್ಚಾಗಿ ದಕ್ಷಿಣ ಆಫ್ರಿಕಾದ ಸ್ವೆಲೆಂಡಮ್ ಎಂಬ ಊರಿನವು. ಪ್ರತಿ ಪಾಠವನ್ನೂ ನಾನು ಮೊದಲು ಅವರ ಡೇಟಾದಲ್ಲಿ ಮಾಡಿ, ಆಮೇಲೆ ಅದೇ ಪಾಠವನ್ನು ಕಡೂರಿನ ಡೇಟಾ ಹಾಕಿ ಮಾಡಿದೆ. ನಿಜವಾಗಿ ಕಲಿತದ್ದು ಈ ಎರಡನೇ ಸುತ್ತಿನಲ್ಲಿ. ಅಲ್ಲಿ ಶಾಲೆಗೆ, ರಸ್ತೆಗೆ ಹತ್ತಿರದ ಮನೆ ಹುಡುಕಿಸುತ್ತಾರೆ. ನಾನು ಕೆರೆಯಿಂದ 500 ಮೀಟರ್ ಒಳಗಿರುವ ಬೋರ್‌ವೆಲ್ ಹುಡುಕಿದೆ. ಗೊತ್ತಿರುವ ಊರಾದರೆ ಉತ್ತರ ಸರಿಯೋ ತಪ್ಪೋ ನೋಡಿದ ತಕ್ಷಣ ತಿಳಿಯುತ್ತದೆ, ಅಲ್ವಾ?

ಈ ಒಂದು ಅಭ್ಯಾಸದಲ್ಲೇ ಎಷ್ಟು ವಿಷಯ ಇದೆ ನೋಡಿ. ಬೋರ್‌ವೆಲ್ ಪಟ್ಟಿ ಇದ್ದದ್ದು ಎಕ್ಸೆಲ್‌ನಲ್ಲಿ. ಅದನ್ನು ಸಿಎಸ್‌ವಿ (ಸಾದಾ ಪಠ್ಯದ ಪಟ್ಟಿ) ಮಾಡಿ ತರುವಾಗ ಎಕ್ಸ್ ಅಂದರೆ ರೇಖಾಂಶ, ವೈ ಅಂದರೆ ಅಕ್ಷಾಂಶ. ಕಡೂರಿಗೆ ಎಕ್ಸ್ ಸುಮಾರು 76, ವೈ ಸುಮಾರು 13.5. ಅದಲುಬದಲಾದರೆ ಬೋರ್‌ವೆಲ್‌ಗಳೆಲ್ಲ ನಾರ್ವೆಗೂ ಉತ್ತರದ ಸಮುದ್ರದಲ್ಲಿ ಹೋಗಿ ಕೂರುತ್ತವೆ. ಮುಂದಿನದು ಬಫರ್, ಅಂದರೆ ಕೆರೆ ಸುತ್ತ ಇಷ್ಟು ದೂರ ಅಂತ ಗುರುತಿಸುವ ಪಟ್ಟಿ. ಜಿಪಿಎಸ್‌ನ ಲೆಕ್ಕ ಡಿಗ್ರಿಯಲ್ಲಿರುತ್ತದೆ. ಹಾಗೇ ಬಿಟ್ಟು 500 ಅಂತ ಹಾಕಿದರೆ ಅದು 500 ಡಿಗ್ರಿ ಅಂತಲೇ ತಿಳಿದುಕೊಳ್ಳುತ್ತದೆ. ಲೇಯರ್ (ನಕ್ಷೆಯ ಪದರ) ಅನ್ನು ಮೊದಲು ಮೀಟರ್‌ನಲ್ಲಿ ಅಳೆಯುವ ಯುಟಿಎಂ ಪ್ರೊಜೆಕ್ಷನ್‌ನ 43 ಉತ್ತರ ವಲಯಕ್ಕೆ ಬದಲಾಯಿಸಬೇಕು. ಅದರ ಕೋಡ್ 32643. ರೇಖಾಂಶ 72ರಿಂದ 78ರವರೆಗೆ ಈ ವಲಯ, ಚಿಕ್ಕಮಗಳೂರು, ಹಾಸನ ಎರಡೂ ಜಿಲ್ಲೆ ಪೂರ್ತಿ ಇದರೊಳಗೇ ಬರುತ್ತವೆ.

ವಿಸ್ತೀರ್ಣ ಹೆಕ್ಟೇರ್‌ನಲ್ಲಿ ಹೇಳಿದರೆ ಹಳ್ಳಿಯಲ್ಲಿ ಯಾರೂ ಒಪ್ಪೋದಿಲ್ಲ. "ಅಕ್ಕಾ, ಎಕರೆ-ಗುಂಟೆ ಲೆಕ್ಕದಲ್ಲಿ ಹೇಳಿ" ಅಂತಾರೆ. ಚದರ ಮೀಟರ್‌ನಲ್ಲಿ ಬಂದದ್ದನ್ನು ಫೀಲ್ಡ್ ಕ್ಯಾಲ್ಕುಲೇಟರ್‌ನಲ್ಲಿ 101.17ರಿಂದ ಭಾಗಿಸಿದರೆ ಗುಂಟೆ ಸಿಗುತ್ತದೆ. 40 ಗುಂಟೆಗೆ ಒಂದು ಎಕರೆ. ಇದು ಯಾವ ಮ್ಯಾನ್ಯುಯಲ್‌ನಲ್ಲೂ ಇರೋದಿಲ್ಲ, ನಾವೇ ಸೇರಿಸಿಕೊಳ್ಳಬೇಕು.

ಇಳಿಜಾರಿನ ಪಾಠವಂತೂ ನನಗೆ ತುಂಬಾ ಇಷ್ಟವಾಯ್ತು. ಅಲ್ಲಿ ಉತ್ತರಕ್ಕೆ ಮುಖ ಮಾಡಿದ ಇಳಿಜಾರನ್ನು ಮನೆ ಕಟ್ಟಲು ಆರಿಸುತ್ತಾರೆ. ದಕ್ಷಿಣ ಗೋಳಾರ್ಧದಲ್ಲಿ ಬಿಸಿಲು ಬೀಳುವುದು ಆ ಕಡೆಗೆ. ನಮ್ಮ ಮಲೆನಾಡಿನ ಕಾಫಿ ತೋಟದವರೂ ಉತ್ತರ, ಪೂರ್ವದ ಇಳಿಜಾರೇ ಒಳ್ಳೇದು ಅಂತಾರೆ, ಆದರೆ ಇಲ್ಲಿ ಕಾರಣ ಉಲ್ಟಾ: ಆ ಕಡೆ ಬಿಸಿಲಿನ ಕಾವು ಕಡಿಮೆ. ಮುಳ್ಳಯ್ಯನಗಿರಿ ಸುತ್ತಿನ ಎತ್ತರದ ಡೇಟಾ ಹಾಕಿ ಆಸ್ಪೆಕ್ಟ್ ನಕ್ಷೆ (ಇಳಿಜಾರು ಯಾವ ದಿಕ್ಕಿಗೆ ಮುಖ ಮಾಡಿದೆ ಅನ್ನೋದು) ತೆಗೆದಾಗ ಬಣ್ಣಗಳಲ್ಲಿ ಅದೆಲ್ಲ ಎದ್ದು ಕಂಡಿತು. 2000ನೇ ಇಸವಿಯಲ್ಲಿ ನಾಸಾದ ಶಟಲ್ ಅಳೆದ, ಸುಮಾರು 30 ಮೀಟರ್‌ಗೊಂದು ಎತ್ತರ ಕೊಡುವ ಎಸ್‌ಆರ್‌ಟಿಎಂ ಡೇಟಾ ಇಂಥ ಅಭ್ಯಾಸಕ್ಕೆ ಸಾಕು.

ಉಳಿದ ಡೇಟಾಕ್ಕೆ ಜಾಸ್ತಿ ಅಲೆಯಬೇಕಿಲ್ಲ. ತಾಲ್ಲೂಕು, ಹೋಬಳಿ, ಗ್ರಾಮದ ಗಡಿ ನೋಡಲು ರಾಜ್ಯ ಸರ್ಕಾರದ ಕೆ-ಜಿಐಎಸ್ ಜಾಲತಾಣ ಇದೆ. ಉಪಗ್ರಹ ಚಿತ್ರಕ್ಕೆ ಇಸ್ರೋದ ಭುವನ್ ಜಾಲತಾಣ. ರಸ್ತೆ, ಶಾಲೆ ಬೇಕಾದರೆ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆಯಿಂದ ಡೇಟಾ ತರುವ ಕ್ವಿಕ್‌ಒಎಸ್‌ಎಂ ಪ್ಲಗಿನ್ ಹಾಕಿಕೊಳ್ಳಿ. ಕಚೇರಿಗೆ ಸರ್ಟಿಫಿಕೇಟ್ ತೋರಿಸಬೇಕಾದವರಿಗೆ ಡೆಹ್ರಾಡೂನ್‌ನಲ್ಲಿರುವ ಇಸ್ರೋದ ತರಬೇತಿ ಸಂಸ್ಥೆ ಐಐಆರ್‌ಎಸ್ ನಡೆಸುವ ಪುಕ್ಕಟೆ ಆನ್‌ಲೈನ್ ಕೋರ್ಸ್‌ಗಳಿವೆ. ಅವು ಪಾಠ ಕೇಳುವಂಥವು. ಕೈ ಪಳಗಲು ಮ್ಯಾನ್ಯುಯಲ್ಲೇ ಬೇಕು.

ಕನ್ನಡದಲ್ಲಿ ಕೆರೆ ಹೆಸರು ಬರೆಯುವವರು ನಕ್ಷೆ ಡೇಟಾವನ್ನು ಹಳೆಯ ಶೇಪ್‌ಫೈಲ್ ಮಾದರಿ ಬಿಟ್ಟು ಜಿಯೋಪ್ಯಾಕೇಜ್ ಮಾದರಿಯಲ್ಲಿ ಸೇವ್ ಮಾಡಿ. ಶೇಪ್‌ಫೈಲ್‌ನಲ್ಲಿ ಕಾಲಂ ಹೆಸರು ಇಂಗ್ಲಿಷಿನ ಹತ್ತು ಅಕ್ಷರ ದಾಟುವ ಹಾಗಿಲ್ಲ. ಎನ್‌ಕೋಡಿಂಗ್ (ಅಕ್ಷರಗಳನ್ನು ಫೈಲ್‌ನಲ್ಲಿ ಉಳಿಸುವ ಪದ್ಧತಿ) ಹೊಂದದಿದ್ದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆ ಆಗಿಬಿಡುತ್ತದೆ. ಮೇಲಾಗಿ ಅದು ನಾಲ್ಕೈದು ಫೈಲ್‌ಗಳ ಗುಂಪು. ಯಾರಿಗಾದರೂ ಕಳಿಸುವಾಗ ಒಂದು ಬಿಟ್ಟುಹೋದರೂ ತೊಂದರೆ. ಜಿಯೋಪ್ಯಾಕೇಜ್ ಒಂದೇ ಫೈಲ್.

ಈಗ ಮೊಬೈಲ್‌ನಲ್ಲಿ ಕ್ಯೂಜಿಐಎಸ್ ಜೊತೆ ಹೊಂದುವ ಕ್ಯೂಫೀಲ್ಡ್ ಆ್ಯಪ್ ಕಲಿಯುತ್ತಿದ್ದೇನೆ. ಕೆರೆ ಏರಿ ಮೇಲೆ ನಿಂತೇ ಕೋಡಿ, ತೂಬು ಗುರುತಿಸಿ ಫೋಟೋ ಸೇರಿಸಬಹುದು, ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುತ್ತದೆ. ಮಳೆ ಹಿಡಿಯುವ ಮೊದಲು ನಮ್ಮ ಪಟ್ಟಿಯ ಕೆರೆಗಳ ತೂಬುಗಳನ್ನಾದರೂ ಮುಗಿಸಬೇಕು.