ಒಂದು ಮಾನಿಟರ್‌ನಲ್ಲಿ ನಯ, ಇನ್ನೊಂದರಲ್ಲಿ ಜರ್ಕ್: ಮದುವೆ ವೀಡಿಯೊ ಎಡಿಟರ್‌ನ ಅನುಭವ

ನಾನು ಮದುವೆ ವೀಡಿಯೊ ಎಡಿಟ್ ಮಾಡುವವನು. ಟೇಬಲ್ ಮೇಲೆ ಎರಡು ಮಾನಿಟರ್ ಇಟ್ಟುಕೊಂಡಿದ್ದೇನೆ. ಎಡಗಡೆಯದರಲ್ಲಿ ಟೈಮ್‌ಲೈನ್. ಬಲಗಡೆಯದು ಪಾರ್ಟಿಯವರು ಬಂದು ಕೂತಾಗ ತೋರಿಸುವುದಕ್ಕೆ. ಕೆಲಸ ಸಲೀಸಾಯಿತು, ಆದರೆ ಬಲಗಡೆಯದರಲ್ಲಿ ವೀಡಿಯೊ ಜರ್ಕ್ ಹೊಡೆಯತೊಡಗಿತು. ಎಲ್ಲ ಶಾಟ್‌ನಲ್ಲೂ ಅಲ್ಲ. ಹುಡುಗಿ ಮಂಟಪಕ್ಕೆ ಬರುವಾಗ ಕ್ಯಾಮೆರಾ ನಿಧಾನಕ್ಕೆ ಅವಳ ಜೊತೆಗೇ ತಿರುಗುತ್ತದಲ್ಲ, ಅಂಥ ಕಡೆ. ಹುಡುಗಿ ಚೆನ್ನಾಗೇ ಕಾಣುತ್ತಾಳೆ, ಹಿಂದಿನ ಹೂವಿನ ಕಂಬಗಳು ಮಾತ್ರ ಮುಗ್ಗರಿಸುತ್ತಾ ಹೋಗುತ್ತವೆ.

ಅದೇ ಪ್ಲೇಯರ್ ಕಿಟಕಿಯನ್ನು ಎಡಗಡೆಯ ಮಾನಿಟರ್‌ಗೆ ಎಳೆದೆ. ನಯವಾಗಿ ಓಡಿತು.

ಇಂಥ ತೊಂದರೆ ಬಂದಾಗ ನಮ್ಮ ಲೈನ್‌ನವರು ಮೊದಲು ಮಾಡುವುದು ಮತ್ತೆ ಎಕ್ಸ್‌ಪೋರ್ಟ್. ಆಮೇಲೆ ಯಾವುದೋ ಕೋಡೆಕ್ ಪ್ಯಾಕ್. ಅದೂ ಆಗದಿದ್ದರೆ ‘ರ‍್ಯಾಮ್ ಹಾಕ್ಸಿ ಸಾರ್’ ಅನ್ನುವ ಸಲಹೆ. ಕಿಟಕಿಯನ್ನು ಆ ಕಡೆಯಿಂದ ಈ ಕಡೆಗೆ ಎಳೆದು ನೋಡುವುದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಒಂದೇ ಫೈಲ್ ಒಂದು ಕಡೆ ಸರಿಯಾಗಿ, ಇನ್ನೊಂದು ಕಡೆ ಕೆಟ್ಟದಾಗಿ ಓಡಿದರೆ ಫೈಲ್ ಮೇಲೆ ಅನುಮಾನ ಪಡುವ ಅಗತ್ಯವೇ ಇಲ್ಲ.

ಆದರೂ ಕಂಪ್ಯೂಟರ್‌ಗೇ ಏದುಸಿರು ಬರುತ್ತಿದೆಯಾ ಅಂತ ನೋಡಿಕೊಂಡೆ. ವಿಎಲ್‌ಸಿ ಪ್ಲೇಯರ್‌ನಲ್ಲಿ ಟೂಲ್ಸ್ ಮೆನುವಿನ ಕೋಡೆಕ್ ಇನ್ಫರ್ಮೇಶನ್ ತೆಗೆದರೆ ಸ್ಟ್ಯಾಟಿಸ್ಟಿಕ್ಸ್ ಅಂತ ಒಂದು ಟ್ಯಾಬ್ ಇದೆ. ಎಷ್ಟು ಫ್ರೇಮ್ (ವೀಡಿಯೊದ ಬಿಡಿ ಚಿತ್ರ) ತೋರಿಸಿತು, ಎಷ್ಟು ಕಳೆದುಕೊಂಡಿತು ಎಂಬ ಲೆಕ್ಕ ಅಲ್ಲಿ ಸಿಗುತ್ತದೆ. ಕಳೆದದ್ದು ಸೊನ್ನೆ. ಟಾಸ್ಕ್ ಮ್ಯಾನೇಜರ್‌ನ ಜಿಪಿಯು (ಪರದೆಯ ಚಿತ್ರ ತಯಾರಿಸುವ ಚಿಪ್) ಪುಟದಲ್ಲಿ ವೀಡಿಯೊ ಡಿಕೋಡ್ ಗ್ರಾಫ್ ಕೂಡ ಕೆಳಗೇ ಮಲಗಿತ್ತು. ಅಂದರೆ ಫ್ರೇಮ್‌ಗಳು ಸರಿಯಾಗಿಯೇ ಸಿದ್ಧವಾಗುತ್ತಿವೆ, ಪರದೆಗೆ ಬರುವಾಗ ಏನೋ ಆಗುತ್ತಿದೆ.

ಕ್ಯಾಬಿನೆಟ್ ಹಿಂದೆ ಬಗ್ಗಿ ನೋಡಿದೆ. ಎಡಗಡೆ ಮಾನಿಟರ್ ಗ್ರಾಫಿಕ್ಸ್ ಕಾರ್ಡ್‌ಗೆ ಸೇರಿತ್ತು. ಬಲಗಡೆಯದರ ಕೇಬಲ್ ಮದರ್‌ಬೋರ್ಡ್‌ನ ಎಚ್‌ಡಿಎಂಐಗೆ ಹೋಗಿತ್ತು. ಹೀಗಿದ್ದಾಗ ಎರಡು ಸ್ಕ್ರೀನ್‌ಗೆ ಎರಡು ಬೇರೆ ಬೇರೆ ಜಿಪಿಯು. ಒಂದರಲ್ಲಿ ತಯಾರಾದ ಚಿತ್ರವನ್ನು ಇನ್ನೊಂದಕ್ಕೆ ನಕಲು ಮಾಡಿ ಸಾಗಿಸಬೇಕು. ಕಾರ್ಡ್‌ನಲ್ಲಿ ಡಿಸ್‌ಪ್ಲೇಪೋರ್ಟ್ ಖಾಲಿ ಇತ್ತು. ಅದಕ್ಕೆ ಕೇಬಲ್ ತಂದು ಎರಡನ್ನೂ ಕಾರ್ಡ್‌ಗೇ ಹಾಕಿದೆ. ಎಡಿಟಿಂಗ್ ಸಾಫ್ಟ್‌ವೇರ್ ತೆರೆದಿದ್ದಾಗ ಪ್ರೀವ್ಯೂ ಆಗಾಗ ಗಕ್ಕನೆ ನಿಲ್ಲುತ್ತಿದ್ದದ್ದು ಅಷ್ಟರಲ್ಲೇ ಹೋಯಿತು. ಹೂವಿನ ಕಂಬಗಳು ಮಾತ್ರ ಇನ್ನೂ ಮುಗ್ಗರಿಸುತ್ತಲೇ ಇದ್ದವು.

ಉಳಿದದ್ದು ಬರೀ ಲೆಕ್ಕ. ನಮ್ಮಲ್ಲಿ ಕರೆಂಟ್ 50 ಹರ್ಟ್ಸ್. ಛತ್ರದ ದೀಪಗಳ ಮಿನುಗು ವೀಡಿಯೊದಲ್ಲಿ ಬೀಳಬಾರದು ಅಂತ ನಾವು ಸೆಕೆಂಡಿಗೆ 25 ಅಥವಾ 50 ಫ್ರೇಮ್‌ನಲ್ಲಿ ಶೂಟ್ ಮಾಡುತ್ತೇವೆ, ಶಟರ್ ಸೆಕೆಂಡಿನ 50ರಲ್ಲಿ ಒಂದು ಭಾಗ ಇಡುತ್ತೇವೆ. ಮಾನಿಟರ್‌ಗಳು ಸಾಮಾನ್ಯವಾಗಿ 60 ಹರ್ಟ್ಸ್‌ನಲ್ಲಿ ಬರುತ್ತವೆ, ನನ್ನ ಬಲಗಡೆಯದೂ ಹಾಗೇ. ಸೆಕೆಂಡಿಗೆ 60 ಸಲ ಹೊಸದಾಗುವ ಪರದೆಯಲ್ಲಿ 25 ಫ್ರೇಮ್ ಹಂಚಬೇಕು. 60ನ್ನು 25ರಿಂದ ಭಾಗಿಸಿದರೆ 2.4. ಅರ್ಧಂಬರ್ಧ ಸಲ ತೋರಿಸಲು ಬರುವುದಿಲ್ಲ, ಅಲ್ವಾ? ಹಾಗಾಗಿ ಒಂದು ಫ್ರೇಮ್ ಎರಡು ಸಲ, ಮುಂದಿನದು ಮೂರು ಸಲ, ಮತ್ತೆ ಎರಡು ಸಲ, ಹೀಗೆ ಕುಂಟುತ್ತಾ ಸಾಗುತ್ತದೆ. ಜನ ಕೂತು ಊಟ ಮಾಡುವ ಶಾಟ್‌ನಲ್ಲಿ ಇದು ಗೊತ್ತೇ ಆಗುವುದಿಲ್ಲ. ಕ್ಯಾಮೆರಾ ನಿಧಾನಕ್ಕೆ ತಿರುಗುವ ಪ್ಯಾನ್‌ನಲ್ಲಿ ಕಣ್ಣಿಗೆ ಹೊಡೆಯುತ್ತದೆ. ಎಡಗಡೆ ಮಾನಿಟರ್ 75 ಹರ್ಟ್ಸ್‌ನದು. 25 ಮೂರಲೇ 75. ಪ್ರತಿ ಫ್ರೇಮ್‌ಗೂ ಸಮನಾಗಿ ಮೂರು ಸಲ. ನಯವಾಗಿದ್ದ ಗುಟ್ಟು ಇಷ್ಟೇ.

ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ ಅಂತ ಹೋದರೆ ಪ್ರತಿ ಮಾನಿಟರ್‌ಗೂ ಬೇರೆ ಬೇರೆ ರಿಫ್ರೆಶ್ ರೇಟ್ ಇಡಬಹುದು. ನನ್ನ ಬಲಗಡೆಯದರ ಪಟ್ಟಿಯಲ್ಲಿ 50 ಇತ್ತು, ಹಾಕಿದೆ. ಕಂಬಗಳು ಜಾರಿದಂತೆ ಸಾಗಿದವು. 50ರಲ್ಲಿ ಮೌಸ್ ಸ್ವಲ್ಪ ಜಡ ಅನಿಸುತ್ತದೆ, ಆದರೆ ಆ ಸ್ಕ್ರೀನ್‌ನಲ್ಲಿ ನಾನು ಮೌಸ್ ಕೆಲಸ ಮಾಡುವುದೇ ಇಲ್ಲ. ಹೊಸದಾಗಿ ಕೊಳ್ಳುವವರಿಗೆ ನಾನು ಹೇಳುವುದು 100 ಹರ್ಟ್ಸ್ ನೋಡಿ ಅಂತ. 25ಕ್ಕೂ ಸರಿ, 50ಕ್ಕೂ ಸರಿ. 75ರ ಮಾನಿಟರ್‌ನಲ್ಲಿ 50 ಫ್ರೇಮ್‌ನ ವೀಡಿಯೊ ಮತ್ತೆ ಕುಂಟುತ್ತದೆ.

ಎರಡು ಮಾನಿಟರ್‌ಗೆ ಎರಡು ರೇಟ್ ಇದ್ದರೆ ಹಳೆಯ ವಿಂಡೋಸ್‌ನಲ್ಲಿ ಬೇರೆ ತಲೆನೋವು ಇರುತ್ತಿತ್ತು. ಒಂದರಲ್ಲಿ ಏನೋ ಅಲ್ಲಾಡುತ್ತಿದ್ದರೆ ಇನ್ನೊಂದರ ವೀಡಿಯೊ ತಡವರಿಸುತ್ತಿತ್ತು. ವಿಂಡೋಸ್ 10ರ 2020ರ ಮೇ ಅಪ್‌ಡೇಟ್ ಬಂದ ಮೇಲೆ ಇದು ಎಷ್ಟೋ ಸುಧಾರಿಸಿದೆ.

ಗೆಳೆಯರೊಬ್ಬರ ಸ್ಟುಡಿಯೋದಲ್ಲಿ ಇದರ ಅಣ್ಣನಂಥ ಕೇಸು. ಎರಡನೇ ಸ್ಕ್ರೀನ್ ಆಗಿ 4ಕೆ ಟಿವಿ ಹಾಕಿದ್ದರು, ಜರ್ಕ್ ಇನ್ನೂ ಜೋರು. ರೇಟ್ ನೋಡಿದರೆ 30! ಅವರ ಕಂಪ್ಯೂಟರ್‌ನ ಪೋರ್ಟ್ ಎಚ್‌ಡಿಎಂಐ 1.4ರ ಕಾಲದ್ದು. ಅದರಲ್ಲಿ 4ಕೆ ಅಂದರೆ 30 ಹರ್ಟ್ಸ್ ಅಷ್ಟೇ, 60 ಬೇಕಾದರೆ 2.0 ಬೇಕು. 30ರಲ್ಲಿ 25 ಓಡಿಸಿದರೆ ಸೆಕೆಂಡಿಗೆ ಐದು ಸಲ ಒಂದು ಫ್ರೇಮ್ ನಿಂತುಹೋಗುತ್ತದೆ. ಟಿವಿಯನ್ನು 1080ಕ್ಕೆ ಇಳಿಸಿ 50 ಹಾಕಿದೆವು. ಪಾರ್ಟಿಗೆ ತೋರಿಸಲು ಅಷ್ಟು ಸಾಕು.

ಬ್ರೌಸರ್ ವೀಡಿಯೊವನ್ನು ಪಕ್ಕದ ಸ್ಕ್ರೀನ್‌ಗೆ ಎಳೆದ ಕೂಡಲೇ ಕಪ್ಪಾದರೆ ಅಥವಾ ಹಸಿರಾದರೆ, ಬ್ರೌಸರ್ ಸೆಟ್ಟಿಂಗ್ಸ್‌ನಲ್ಲಿ ಗ್ರಾಫಿಕ್ಸ್ ಆಕ್ಸಲರೇಶನ್ ಆಫ್ ಮಾಡಿ ನೋಡಿ. ಸರಿಹೋದರೆ ಹಾಗೇ ಬಿಡಬೇಡಿ, ಡ್ರೈವರ್ ಹೊಸದು ಹಾಕಿ ಮತ್ತೆ ಆನ್ ಮಾಡಿ. ಆಫ್ ಇದ್ದರೆ ಎಲ್ಲ ಭಾರ ಪ್ರೊಸೆಸರ್ ಮೇಲೆ ಬೀಳುತ್ತದೆ. ಒಟಿಟಿ ಸಿನಿಮಾ ಮಾತ್ರ ಕಪ್ಪಾಗಿ ಧ್ವನಿ ಬರುತ್ತಿದ್ದರೆ ನಡುವೆ ವಿಜಿಎ (ಹಳೆಯ ಅನಲಾಗ್ ಕೇಬಲ್) ಕನ್ವರ್ಟರ್ ಇದೆಯಾ ನೋಡಿ. ನಕಲು ತಡೆಯುವ ಎಚ್‌ಡಿಸಿಪಿ ಅನಲಾಗ್ ಕೇಬಲ್‌ನಲ್ಲಿ ಸಾಗುವುದಿಲ್ಲ. ಚಿತ್ರ ಬಂದು ಧ್ವನಿ ಇಲ್ಲದಿದ್ದರೆ ಗಡಿಯಾರದ ಪಕ್ಕದ ಸ್ಪೀಕರ್ ಗುರುತು ಒತ್ತಿ. ಧ್ವನಿ ಸ್ಪೀಕರೇ ಇಲ್ಲದ ಮಾನಿಟರ್‌ಗೆ ಸುಮ್ನೆ ಹೋಗಿ ಕೂತಿರುತ್ತದೆ.

ಈ ಲೆಕ್ಕ ನನಗೆ ಈಗ ಹೆಚ್ಚು ಕಾಡುವುದು ಮೊಬೈಲ್ ಕ್ಲಿಪ್‌ಗಳಲ್ಲಿ. ನೆಂಟರು ಮೊಬೈಲ್‌ನಲ್ಲಿ ತೆಗೆದದ್ದು ಸಾಮಾನ್ಯವಾಗಿ 30 ಫ್ರೇಮ್. ಬರೀ ಅಂಥದ್ದೇ ರೀಲ್ಸ್ ಇದ್ದರೆ ಬಲಗಡೆ ಮಾನಿಟರನ್ನು 60ಕ್ಕೆ ತಿರುಗಿಸಿಕೊಳ್ಳುತ್ತೇನೆ. ಅವನ್ನೇ 25ರ ಟೈಮ್‌ಲೈನ್‌ಗೆ ಹಾಗೇ ಸುರಿದು ಎಕ್ಸ್‌ಪೋರ್ಟ್ ಮಾಡಿದರೆ ಮಾತ್ರ ಜರ್ಕ್ ಫೈಲ್ ಒಳಗೇ ಅಚ್ಚಾಗಿಬಿಡುತ್ತದೆ. ಆಗ ಯಾವ ಮಾನಿಟರ್‌ಗೆ ಎಳೆದರೂ ಅದು ಜೊತೆಗೇ ಬರುತ್ತದೆ.