ಅಲಸಂದೆ ಹಸುವಿಗೆ, ಹುರುಳಿ ಮಾರಾಟಕ್ಕೆ: ಮೇವಿನ ಲೆಕ್ಕ ಹಾಕುವುದು ಹೇಗೆ?

ಅರಸೀಕೆರೆ, ಕಡೂರು ಕಡೆ ಹುರುಳಿ, ಅಲಸಂದೆ, ಅವರೆ ಹೊಲದಲ್ಲಿ ಇದ್ದೇ ಇರುತ್ತವೆ. ಆದರೂ ಹಾಲಿನ ಬಟವಾಡೆಯ ದೊಡ್ಡ ಪಾಲು ಫೀಡು (ಅಂಗಡಿಯ ಪಶು ಆಹಾರ), ಬೂಸಕ್ಕೇ ಹೋಗುತ್ತದೆ. ಮನೆಯಲ್ಲಿ ಬೆಳೆದದ್ದನ್ನೇ ಹಸುವಿಗೆ ಹಾಕಿದರೆ ಈ ಖರ್ಚು ಇಳಿಯುತ್ತದೆ. ಆದರೆ ಏನು ಹಾಕಬೇಕು, ಏನು ಮಾರಬೇಕು ಅನ್ನುವುದನ್ನು ಲೆಕ್ಕ ಹಾಕಿಯೇ ತೀರ್ಮಾನಿಸಿ.

ಮೊದಲು 1 ಕೆಜಿ ಪ್ರೊಟೀನಿಗೆ ಎಷ್ಟು ಬೀಳುತ್ತದೆ ನೋಡಿ. ಫೀಡು ಕೆಜಿಗೆ 30 ರೂಪಾಯಿ, ಅದರಲ್ಲಿ ಪ್ರೊಟೀನ್ ಶೇ 20 ಅಂತಿಟ್ಟುಕೊಳ್ಳಿ. 30ನ್ನು 0.20ರಿಂದ ಭಾಗಿಸಿದರೆ 150 ರೂಪಾಯಿ. ಹುರುಳಿ ಕಾಳಿನಲ್ಲಿ ಪ್ರೊಟೀನ್ ಸುಮಾರು ಶೇ 22. ಅದು ಕೆಜಿಗೆ 50 ರೂಪಾಯಿಗೆ ಹೋಗುತ್ತದೆ ಅಂದರೆ 227 ರೂಪಾಯಿ ಆಯಿತು. ಅಂಥ ಕಾಳನ್ನು ಸುಮ್ನೆ ಬೇಯಿಸಿ ಹಸುವಿಗೆ ಹಾಕುವ ಬದಲು ಮಾರಿಬಿಡಿ. ಕಣದಲ್ಲಿ ಉಳಿದ ಹೊಟ್ಟು ಮಾತ್ರ ಹಸುವಿಗಿರಲಿ.

ನಿಜವಾದ ಲಾಭ ಇರುವುದು ಹಸಿ ಅಲಸಂದೆಯಲ್ಲಿ. ಎಕರೆಗೆ 6,000 ರೂಪಾಯಿ ಖರ್ಚಾಗಿ 8 ಟನ್ ಸೊಪ್ಪು ಸಿಕ್ಕಿತು ಅನ್ನಿ, ಕೆಜಿಗೆ 75 ಪೈಸೆ. ಹಸಿ ಸೊಪ್ಪಿನಲ್ಲಿ ನೀರೇ ಜಾಸ್ತಿ, ಪ್ರೊಟೀನ್ ಶೇ 2.7ರ ಆಸುಪಾಸು. ಹಾಗಿದ್ದರೂ 1 ಕೆಜಿ ಪ್ರೊಟೀನಿಗೆ ಬೀಳುವುದು ಸುಮಾರು 28 ರೂಪಾಯಿ! ನಿಮ್ಮ ಲೆಕ್ಕ ಹಾಕುವಾಗ ಬೀಜ, ಉಳುಮೆಯ ಜೊತೆ ಮನೆಯವರ ಕೂಲಿಯನ್ನೂ ಸೇರಿಸಿ. ಅದನ್ನು ಬಿಟ್ಟರೆ ಲೆಕ್ಕ ಸುಳ್ಳಾಗುತ್ತದೆ, ಅಲ್ವಾ?

ಬಿತ್ತಿದ 50–60 ದಿನಕ್ಕೆ, ಅರ್ಧದಷ್ಟು ಗಿಡ ಹೂ ಬಿಟ್ಟಾಗ ಕೊಯ್ಯಿರಿ. ಕಾಂಡವನ್ನು ಉಗುರಿನಿಂದ ಚಿವುಟಿ ನೋಡಿ. ಗಟ್ಟಿಯಾಗಿದ್ದರೆ ತಡವಾಯಿತು ಅಂತಲೇ ಅರ್ಥ. ಮುಸುಕಿನ ಜೋಳ 3 ಸಾಲು, ಅಲಸಂದೆ 1 ಸಾಲು ಹಾಕಿದರೆ ಎರಡನ್ನೂ ಒಟ್ಟಿಗೆ ಕತ್ತರಿಸಿ ಹಾಕಬಹುದು.

ಒಂದು ಎಚ್ಚರ. ಮಂಜಿನಲ್ಲಿ ತೊಯ್ದ ಹಸಿ ಸೊಪ್ಪನ್ನು ಖಾಲಿ ಹೊಟ್ಟೆಗೆ ಹಾಕಲೇಬೇಡಿ, ಹೊಟ್ಟೆ ಉಬ್ಬರ ಬಂದು ಹಸುವಿನ ಜೀವಕ್ಕೇ ಕುತ್ತು. ಕೆಲವು ಗಂಟೆ ಬಾಡಿಸಿ, ಮೊದಲು ರಾಗಿ ಹುಲ್ಲು ಕೊಟ್ಟು, ಆಮೇಲೆ ಹಾಕಿ. ಔಷಧಿ ಹೊಡೆದ ಸಾಲನ್ನು ಮುಟ್ಟಬೇಡಿ.

ಮೂಡಿಗೆರೆ ಕಡೆ ತೋಟದವರಿಗೆ ಹಾಲುವಾಣ, ಗ್ಲಿರಿಸಿಡಿಯಾದಂಥ ನೆರಳಿನ ಮರಗಳ ಸೊಪ್ಪು ರೆಂಬೆ ಕಡಿಯುವಾಗ ಹೇಗೂ ಸಿಗುತ್ತದೆ. ಬಾಡಿಸಿ, ಸ್ವಲ್ಪ ಸ್ವಲ್ಪ ರೂಢಿ ಮಾಡಿಸಿ.

ಫೀಡನ್ನು ಒಂದೇ ಸಲಕ್ಕೆ ನಿಲ್ಲಿಸಬೇಡಿ. ಸುಮಾರು 10 ಕೆಜಿ ಹಸಿ ಸೊಪ್ಪು ಹಾಕಿದರೆ 1 ಕೆಜಿ ಫೀಡು ಕಡಿಮೆ ಮಾಡಬಹುದು ಅನ್ನುವ ಅಂದಾಜಿನಲ್ಲಿ, ವಾರಕ್ಕೆ ಅರ್ಧ ಕೆಜಿಯಂತೆ ಇಳಿಸಿ. ಖನಿಜ ಮಿಶ್ರಣವನ್ನು ಮಾತ್ರ ತಪ್ಪಿಸಬೇಡಿ. ಡೇರಿ ಚೀಟಿಯಲ್ಲಿ ಲೀಟರು, ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ಮೂರನ್ನೂ ದಿನಾ ನೋಡಿ. ಒಂದು ವಾರ ಸತತವಾಗಿ ಇಳಿದರೆ ಫೀಡನ್ನು ಹಿಂದಿನ ಮಟ್ಟಕ್ಕೇ ತನ್ನಿ.